ನೀವು ಹೊಡೆದುಹಾಕಿದ ಮಾತು ನನ್ನದು

ಸಮುದಾಯ ಭವನದ ಮೇಲ್ವಿಚಾರಣಾಧಿಕಾರಿಗಳೇ,

ನಮ್ಮ ನಾಟಕದ ಒಂದು ಮಾತು ತಾಯ್ತನಕ್ಕೆ ಅಪಮಾನ ಮಾಡುತ್ತದೆ, ಅದನ್ನು ತೆಗೆಯುವವರೆಗೆ ಭವನದ ಬಾಗಿಲು ತೆರೆಯುವುದಿಲ್ಲ ಎಂದು ತಾವು ಆದೇಶ ಹೊರಡಿಸಿದ್ದೀರಿ. ಅಪಮಾನವಾದದ್ದು ಯಾವ ತಾಯಿಗೆ ಎಂದು ಆದೇಶದಲ್ಲಿ ಎಲ್ಲೂ ಇಲ್ಲ. ನಾನೇ ಹೇಳುತ್ತೇನೆ. ಆ ತಾಯಿ ನಾನು. ನನಗೇನೂ ಅಪಮಾನವಾಗಿಲ್ಲ, ನನ್ನ ಪರವಾಗಿ ತಾವು ನೊಂದುಕೊಳ್ಳುವ ಶ್ರಮ ಬೇಡ.

ನಮ್ಮ ಕೆಲಸದ ರೀತಿಯನ್ನು ಮೊದಲು ತಿಳಿಸಬೇಕು. ತಾವು ತಾಲೀಮಿಗೆ ಬಂದು ಹತ್ತೇ ನಿಮಿಷ ಕುಳಿತಿರಿ, ಅದರಲ್ಲೂ ಅರ್ಧ ಫೋನಿಗೆ ಹೋಯಿತು. ನಮ್ಮದು ಹನ್ನೊಂದು ಹೆಂಗಸರ ತಂಡ. ನಾನು ಹೊಲಿಗೆಯವಳು. ಇಲ್ಲಿ ತಾಯಂದಿರು ಮಗಳ ಪಾತ್ರ ಮಾಡುತ್ತೇವೆ, ಹೆಣ್ಣುಮಕ್ಕಳು ತಾಯಿಯ ಪಾತ್ರ ಮಾಡುತ್ತಾರೆ. ಯಾರೂ ಮಾತು ಹೊಸೆಯುವಂತಿಲ್ಲ, ಮನೆಯಲ್ಲಿ ನಿಜವಾಗಿ ಆಡಿದ್ದನ್ನೇ ಆಡಬೇಕು. ತಾವು ನಾಟಕ ಬರಹದಲ್ಲಿ ಬೇಕೆಂದಾಗ ನಮ್ಮ ತಂಡದ ನರ್ಸಮ್ಮ ಡ್ಯೂಟಿ ಮುಗಿಸಿ ಬಂದು ಕೂತು ಎಲ್ಲ ಬರೆದು ಮೂರು ಪ್ರತಿ ಕೊಟ್ಟಳು. ಆಡಿದ್ದನ್ನೇ ಆಡಬೇಕೆಂಬ ಈ ನಿಯಮವೊಂದನ್ನು ಬರೆಯುವುದು ಬಿಟ್ಟುಹೋಯಿತು. ನಮಗೆಲ್ಲ ಗೊತ್ತಿದ್ದದ್ದನ್ನು ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆರು ವರ್ಷದ ಹಿಂದೆ ನನ್ನ ಮಗಳು ಗಂಡನ ಮನೆಯಿಂದ ಒಂದು ಚೀಲ ಹಿಡಿದು ಬಂದು ನನ್ನ ಬಾಗಿಲಲ್ಲಿ ನಿಂತಳು. ತುಟಿ ಒಡೆದಿತ್ತು. ನಾನು ಮಷೀನಿನ ಮುಂದಿನಿಂದ ಏಳಲೂ ಇಲ್ಲ.

"ನಾನೂ ಏಟು ತಿಂದಿದೀನಿ. ಸತ್ತೋದ್ನಾ? ವಾಪಸ್ ಹೋಗು" ಅಂದೆ. ತಾವು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ ಮಾತು ಇದೇ.

ಹೋದಳು. ಎಂಟು ತಿಂಗಳು ಕಳೆದ ಮೇಲೆ ತಾನಾಗಿಯೇ ಅವನನ್ನು ಬಿಟ್ಟು ಬಂದಳು. ಬಂದದ್ದು ನನ್ನ ಮನೆಗಲ್ಲ, ಒಂದು ಬಾಡಿಗೆ ಕೋಣೆಗೆ. ನನ್ನ ಜೊತೆ ಮಾತು ಬಿಟ್ಟಳು. ಕಳೆದ ವರ್ಷ ನರ್ಸಮ್ಮ ಕೈಕಾಲು ಹಿಡಿದು ಅವಳನ್ನು ತಂಡಕ್ಕೆ ಕರೆತಂದಳು. ಅಲ್ಲಿ ಅವಳು ನಾನಾದಳು, ನಾನು ಚೀಲ ಹಿಡಿದ ಅವಳಾದೆ. ನನ್ನ ಮಾತನ್ನು ಅವಳು ನನ್ನ ಮುಖಕ್ಕೇ ಹೇಳಿದ ಮೊದಲ ದಿನ ಚೀಲ ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ.

"ಎದ್ದು ನಿಂತ್ಕೋ. ನಾನು ನಿಂತೇ ಇದ್ದೆ" ಅಂದಳು.

ಅಷ್ಟು ವರ್ಷಗಳಲ್ಲಿ ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು, ಸ್ವಾಮಿ. ಆಮೇಲೆ ವಾರಕ್ಕೊಂದು, ಎರಡು ಮಾತಾಡತೊಡಗಿದಳು. ಎಲ್ಲವೂ ತಮ್ಮ ಭವನದಲ್ಲಿ, ತಾಲೀಮಿನ ಹೊತ್ತಿನಲ್ಲಿ ಮಾತ್ರ.

ಅಂಥ ಹೊತ್ತಿಗೆ ತಾವು ದಯಮಾಡಿಸಿದಿರಿ. ಆ ಮಾತನ್ನು ಅವಳೇ ಹುಟ್ಟಿಸಿದ್ದೆಂದು ತಿಳಿದು ಎಲ್ಲರೆದುರು ಗದರಿದಿರಿ: "ಹೆತ್ತೋಳ ಬಾಯಲ್ಲಿ ಇಂಥ ಮಾತು ತುರುಕ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ತಾಯಂದಿರ ಮೇಲೆ ಅದೆಂಥ ಭಕ್ತಿ! ಅದರಲ್ಲಿ ಒಂದು ಚೂರೂ ಹೆಣ್ಣುಮಕ್ಕಳಿಗೆ ಉಳಿಯಲಿಲ್ಲವೇ? ಗಂಡ ಹೊಡೆದದ್ದೂ ಅದೇ ಪುಟದಲ್ಲಿತ್ತು, ಅಲ್ಲಿ ತಮ್ಮ ಕೆಂಪು ಪೆನ್ನು ಏಕೆ ನಿಲ್ಲಲಿಲ್ಲ? ಅದು ಅಷ್ಟು ಮಾಮೂಲಿಯಾಗಿ ಕಂಡಿತೇ? ಅವಳು ನನ್ನತ್ತ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ, ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಮೂರು ಹೆಜ್ಜೆ ದೂರದಲ್ಲಿ ತುಟಿಪಿಟಕ್ಕೆನ್ನದೆ ನಿಂತಿದ್ದೆ. ಎರಡನೇ ಸಲವೂ ಅವಳನ್ನು ಬಿಟ್ಟುಕೊಟ್ಟೆ. ಅವತ್ತಿನಿಂದ ಅವಳು ನರ್ಸಮ್ಮನ ಫೋನನ್ನೂ ಎತ್ತುತ್ತಿಲ್ಲ.

ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನನ್ನ ಗಿರಾಕಿಗಳು, ನೆಂಟರು, ಮಾಜಿ ಬೀಗರು ಎಲ್ಲರೂ ಓದಲಿ. ಆ ಮಾತನ್ನು ನಾವು ತೆಗೆಯುವುದಿಲ್ಲ. ತೆಗೆದರೆ ನಾನು ಒಳ್ಳೆಯವಳಾಗುತ್ತೇನೆ, ನನ್ನ ಮಗಳು ಸುಳ್ಳಿಯಾಗುತ್ತಾಳೆ. ಭಾನುವಾರ ಸಂಜೆ ಐದಕ್ಕೆ ಬಾಗಿಲು ತೆರೆಸಿ. ಎಲ್ಲರೆದುರು ಅವಳಿಗೆ ಅಂದದ್ದನ್ನು ಎಲ್ಲರೆದುರೇ ವಾಪಸ್ ತೆಗೆದುಕೊಳ್ಳಿ. ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಆಡುತ್ತೇವೆ, ಬೀದಿಯವರಿಗೂ ಕೇಳಿಸುತ್ತದೆ. ಮಗಳು ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬರದಿದ್ದರೆ ಆ ತಾಯಿಯ ಪಾತ್ರವನ್ನು ನಾನೇ ಮಾಡುತ್ತೇನೆ. ನನಗೆ ಮಾತು ಬಾಯಿಪಾಠ ಇದೆ.

ಇಂತಿ,
ತಮ್ಮ ಆದೇಶದಲ್ಲಿ ಮಾತ್ರ ಪೂಜ್ಯಳಾಗಿ ಉಳಿದಿರುವ ಒಬ್ಬ ತಾಯಿ