ಎಡಗೆನ್ನೆಗೆ ಉರಿಯಲಿಲ್ಲ

ಬೋಗಾದಿ, ಮೈಸೂರು
ಭಾನುವಾರ, ಜೂನ್ ೧೬, ೨೦೨೪

ಪ್ರೀತಿಯ ಮೊಮ್ಮಗಳು ಹೆಲನ್‌ಗೆ,

ಹೇಗಿದ್ದೀಯಮ್ಮಾ? ಮಂಗಳೂರಿನಲ್ಲಿ ಮಳೆ ಹಿಡಿದಿದೆ ಎಂದು ಟಿವಿಯಲ್ಲಿ ನೋಡಿದೆ. ಒದ್ದೆ ತಲೆಯಲ್ಲಿ ಮಲಗಬೇಡ. ಹಾಸ್ಟೆಲಿನ ಊಟ ಸೇರದಿದ್ದರೆ ಮೊಟ್ಟೆಯನ್ನಾದರೂ ಬೇಯಿಸಿಕೊಂಡು ತಿನ್ನು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ಫೋನು ಇಟ್ಟುಕೊಂಡು ಈ ಮುದುಕ ಕಾಗದ ಯಾಕೆ ಬರೆದ ಎಂದು ನಗುತ್ತೀಯೇನೋ. ಫೋನಿನಲ್ಲಿ ಹೇಳಿದರೆ ಇಲ್ಲಿ ನಿನ್ನ ಅಜ್ಜಿಯ ಕಿವಿ, ಅಲ್ಲಿ ನಿನ್ನ ರೂಮಿನ ಹುಡುಗಿಯರ ಕಿವಿ. ಅಜ್ಜಿ ಲೂರ್ದಮ್ಮ ಈಗ ಚರ್ಚಿಗೆ ಹೋಗಿದ್ದಾಳೆ. ನಾನು ಹೋಗಲಿಲ್ಲ. ಅವಳು ಬರುವಷ್ಟರಲ್ಲಿ ಇದನ್ನು ಮುಗಿಸಬೇಕು.

ಮೊದಲು ನೀನು ಒಪ್ಪಿಸಿದ ಕೆಲಸದ ವರದಿ. ಈಸ್ಟರ್‌ಗೆ ಬಂದವಳು ನಾಲ್ಕು ಫೇಸ್ ಮಾಸ್ಕ್ ಬಿಟ್ಟು ಹೋದೆಯಲ್ಲ, ವಯಸ್ಸಾದವರ ಚರ್ಮಕ್ಕೆ ಯಾವುದು ಒಳ್ಳೆಯದು ಅಂತ ನಾನು ಕೆಲಸ ಮಾಡೋ ಕ್ರೀಮು-ಪೌಡರಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳಬೇಕು, ಹಚ್ಚಿ ನೋಡು ತಾತ ಎಂದು. ಜೀವಮಾನವೆಲ್ಲ ಗೋಡೆಗೆ ಗಿಲಾವು ಮಾಡಿದ ಮೇಸ್ತ್ರಿಗೆ ಒಂದು ಮುಖ ಯಾವ ಲೆಕ್ಕ? ಬಿಳಿ ಜೇಡಿಮಣ್ಣಿನದನ್ನು ನೀನೇ ಹಚ್ಚಿ ತೋರಿಸಿದ್ದೆ. ಅದು ಅಂಚಿನಿಂದ ಒಣಗುತ್ತಾ ಬಂದು ಚರ್ಮವನ್ನು ಎಳೆಯುತ್ತದೆ. ಪೂರ್ತಿ ಒಣಗಲು ಬಿಟ್ಟರೆ ನೀರು ಕಾಣದ ಗಿಲಾವಿನ ಹಾಗೆ ಬಿರುಕು ಬಿಡುತ್ತದೆ, ಸ್ವಲ್ಪ ಹಸಿ ಇರುವಾಗಲೇ ತೊಳೆಯುವುದು ವಾಸಿ. ಇದ್ದಿಲಿನದೂ ಅದೇ ಜೇಡಿ, ಬಣ್ಣ ಮಾತ್ರ ಕಪ್ಪು. ಅದನ್ನು ಬಳಿದುಕೊಂಡು ಕೂತಿದ್ದಾಗ ನಿನ್ನ ಅಜ್ಜಿ, "ಮದ್ವೆ ದಿನಾನೂ ಇಷ್ಟು ಸಿಂಗಾರ ಮಾಡ್ಕೊಂಡಿರ್ಲಿಲ್ಲ ಕಣ್ರೀ ನೀವು" ಎಂದಳು. ಓಟ್ಸ್ ಮತ್ತು ಜೇನು ಹಾಕಿದ್ದು ಒಣಗುವುದೇ ಇಲ್ಲ, ತಣ್ಣಗೆ ಕೂತಿರುತ್ತದೆ. ನನ್ನಂಥವರಿಗೆ ಅದನ್ನೇ ಕೊಡು.

ಆದರೆ ಹೆಲನ್, ಮೊದಲ ದಿನದಿಂದಲೇ ಒಂದು ವಿಚಿತ್ರ ಇತ್ತು. ಜೇಡಿ ಬಲಗೆನ್ನೆಯನ್ನು ಎಳೆಯುತ್ತಿತ್ತು, ಎಡಗೆನ್ನೆಯ ಮೂಳೆಯ ಕೆಳಗೆ ಏನೂ ಇಲ್ಲ. ತೆಳ್ಳಗೆ ಹಚ್ಚಿರಬೇಕು ಎಂದುಕೊಂಡು ಮುಂದಿನ ಸಲ ದಪ್ಪಗೆ ಬಳಿದೆ. ಆಗಲೂ ಇಲ್ಲ. ತೊಳೆದುಕೊಂಡು ಬಂದರೆ ಲೂರ್ದಮ್ಮ, ಅಲ್ಲಿನ್ನೂ ಜೇಡಿ ಹೋಗಿಲ್ಲ, ಮತ್ತೊಂದು ಸಲ ತೊಳೆದುಕೊಳ್ಳಿ ಎನ್ನುವಳು. ಕೊನೆಗೆ ತಾನೇ ಒದ್ದೆ ಟವಲು ತಂದು ಉಜ್ಜಿದಳು. ಆ ಮಾಸಲು ಬಿಳುಪು ಹೋಗಲಿಲ್ಲ. ಇಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ.

ಕೊನೆಯದು ಕೆಂಪು ಡಬ್ಬಿ, ಹಣ್ಣಿನ ಆಸಿಡ್‌ನದು. ಹೆಚ್ಚು ಹೊತ್ತು ಬಿಡಬೇಡ ತಾತ, ಸುಡುತ್ತೆ ಎಂದು ನೀನು ಹೇಳಿದ್ದು ನೆನಪಿತ್ತು. ಬಲಗಡೆ ಹಚ್ಚಿದ ಕೂಡಲೇ ಮೆಣಸಿನಕಾಯಿ ಅರೆದು ಇಟ್ಟ ಹಾಗಾಯಿತು, ಆ ಕಡೆ ತೊಳೆದುಬಿಟ್ಟೆ. ಎಡಗಡೆ ಉರಿಯಲೇ ಇಲ್ಲ. ಈ ಕೆನ್ನೆಗೆ ಒಗ್ಗಿದೆ, ಇರಲಿ ಎಂದು ಹಾಗೇ ಬಿಟ್ಟುಕೊಂಡು ಟಿವಿ ಮುಂದೆ ಕೂತೆ. ಸುಣ್ಣ, ಸಿಮೆಂಟಿನಲ್ಲಿ ಬೆಂದ ಮೈ, ಇದಕ್ಕೆಲ್ಲ ಜಗ್ಗುತ್ತದೆಯೇ ಎಂಬ ಜಂಭ ಬೇರೆ. ಮಾರ್ಕೆಟ್ಟಿನಿಂದ ಬಂದ ನಿನ್ನ ಅಜ್ಜಿ ನನ್ನನ್ನು ನೋಡಿದವಳೇ ಚೀಲ ಕೆಳಗಿಟ್ಟಳು. ಕನ್ನಡಿ ತಂದು ಮುಖದ ಮುಂದೆ ಹಿಡಿದಳು. ಎಡಗೆನ್ನೆಯ ಚರ್ಮ ಸುಲಿದು ನೀರು ಸೋರುತ್ತಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಆಗ ಹೆದರಿದೆ ಕಣಮ್ಮ.

ಸರ್ಕಾರಿ ಆಸ್ಪತ್ರೆಗೆ ಹೋದೆವು. ಡಾಕ್ಟರು ನನ್ನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ಮುಟ್ಟಿಸ್ತೀನಿ, ಮುಟ್ಟಿದಾಗ ಹೇಳಿ ಎಂದರು. ಹಣೆಯ ಮೇಲೆ ಹೇಳಿದೆ, ಬಲಗೆನ್ನೆಯ ಮೇಲೆ ಹೇಳಿದೆ. ಆಮೇಲೆ ಕಾಯುತ್ತಲೇ ಇದ್ದೆ. ಕಣ್ಣು ಬಿಟ್ಟಾಗ ಅವರು ಆಗಲೇ ಹತ್ತಿಯನ್ನು ಬುಟ್ಟಿಗೆ ಹಾಕುತ್ತಿದ್ದರು. ಕುಷ್ಠ. ಒಂದು ಸಲ ಬರೆದಿದ್ದೇನೆ, ಇನ್ನೊಂದು ಸಲ ಬರೆಯುವುದಿಲ್ಲ. ಮಾತ್ರೆ ಪುಕ್ಕಟೆ ಕೊಡುತ್ತಾರೆ, ಪೂರ್ತಿ ವಾಸಿಯಾಗುತ್ತದೆ, ಮಾತ್ರೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವುದಿಲ್ಲ ಎಂದರು. ನಂಬಿದ್ದೇನೆ. ಆದರೂ ಚಿಕ್ಕಂದಿನಲ್ಲಿ ದೊಡ್ಡಪ್ಪನನ್ನು ದನದ ಕೊಟ್ಟಿಗೆಗೆ ಹಾಕಿ, ಊಟದ ತಟ್ಟೆಯನ್ನು ಕೋಲಿನಲ್ಲಿ ತಳ್ಳುತ್ತಿದ್ದದ್ದನ್ನು ಕಂಡವನು ನಾನು. ಈಗ ಲೂರ್ದಮ್ಮ ನನ್ನ ಲೋಟವನ್ನು ಬೇರೆ ತೊಳೆದಿಡುತ್ತಾಳೆ. ನಾನು ನೋಡಿಲ್ಲ ಎಂದುಕೊಂಡಿದ್ದಾಳೆ.

ಡಾಕ್ಟರು ಕೊನೆಗೆ ಕೇಳಿದ್ದು, ಮನೆಯಲ್ಲಿ ಜೊತೆಗೆ ಇದ್ದವರು ಯಾರ್ಯಾರು, ಅವರನ್ನೆಲ್ಲ ಪರೀಕ್ಷೆ ಮಾಡಬೇಕು ಎಂದು. "ನಾವಿಬ್ರೇ ಸಾರ್, ಬೇರೆ ಯಾರೂ ಇಲ್ಲ" ಎಂದುಬಿಟ್ಟಳು ನಿನ್ನ ಅಜ್ಜಿ. ಹೂಟಗಳ್ಳಿಯ ಹುಡುಗನ ಮನೆಯವರು ಮುಂದಿನ ತಿಂಗಳು ನಿನ್ನನ್ನು ನೋಡಲು ಬರುತ್ತಾರಲ್ಲ, ಅವರ ಕಿವಿಗೆ ಬಿದ್ದರೆ ಎಂಬ ಹೆದರಿಕೆ ಅವಳಿಗೆ. ಅಪ್ಪ ಅಮ್ಮ ಹೋದಂದಿನಿಂದ ನನ್ನ ಪಕ್ಕದಲ್ಲೇ ಮಲಗಿ, ನನ್ನ ತಟ್ಟೆಯಲ್ಲೇ ಉಂಡು ಬೆಳೆದವಳು ನೀನು. ಅದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಅದಕ್ಕೇ ಈ ಕಾಗದ.

ಅಜ್ಜಿಯ ಮೇಲೆ ಕೋಪ ಮಾಡಿಕೊಳ್ಳಬೇಡ, ಅವಳದು ಪ್ರೀತಿಯೇ. ನಿನ್ನ ಅಂಗಡಿಯ ಹುಡುಗಿಯರಿಗೆ ಈ ತಾತನ ನೆನಪು ಹೇಳು. ಮಾತೆ ಮರಿಯಮ್ಮ ನಿನ್ನ ತಲೆಯ ಮೇಲೆ ಕೈ ಇಟ್ಟು ಕಾಯಲಿ.

ನಿನ್ನ ತಾತ,
ದೇವಸಹಾಯಂ

ತಾ.ಕ.: ಬೀದಿಯ ತುದಿಯಲ್ಲಿ ಅಜ್ಜಿಯ ಕೊಡೆ ಕಾಣುತ್ತಿದೆ, ಬೇಗ ಬೇಗ ಬರೆಯುತ್ತಿದ್ದೇನೆ. ನನಗೆ ಜೇಡಿ ಹಚ್ಚುವಾಗ ನೀನು ಬಟ್ಟೆಯ ತೋಳು ಮೇಲಕ್ಕೆ ಮಡಿಸಿಕೊಂಡಿದ್ದೆ. ಎಡ ಮೊಣಕೈಯ ಹಿಂದೆ ಒಂದಿಷ್ಟು ಬಿಳುಪಿತ್ತು. ಜೇಡಿ ಮೆತ್ತಿದೆ ಎಂದು ನಾನೇ ಬೆರಳಿನಿಂದ ಒರೆಸಿದೆ, ಹೋಗಲಿಲ್ಲ. ನೀನು ತಿರುಗಿಯೂ ನೋಡಲಿಲ್ಲ. ಇವತ್ತೇ ಕಣ್ಣು ಮುಚ್ಚಿಕೊಂಡು ಯಾರ ಕೈಯಲ್ಲಾದರೂ ಅಲ್ಲಿಗೆ ಹತ್ತಿಯ ಎಳೆ ಮುಟ್ಟಿಸಿಕೋ. ಗೊತ್ತಾದರೆ ತಾತನಿಗೆ ಹುಚ್ಚು ಎಂದು ಬೈದು ಫೋನು ಮಾಡು. ಗೊತ್ತಾಗದಿದ್ದರೆ ನಮ್ಮನ್ನು ಕೇಳುತ್ತಾ ಕೂರಬೇಡ, ಆ ಹುಡುಗನ ಮನೆಯವರನ್ನೂ ನೆನೆಯಬೇಡ. ನೇರ ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಜೊತೆಗಿದ್ದ ತಾತನಿಗೆ ಈ ಕಾಯಿಲೆ ಇದೆ ಎಂದು ನನ್ನ ಹೆಸರು ಹೇಳು.