ನಿಜ ಅಳತೆಯ ಪುಟ ಎಲ್ಲಿ ಹೋಯಿತು?

ಗ್ರಂಥಾಲಯ ಇಲಾಖೆಯ ಮಾನ್ಯ ನಿರ್ದೇಶಕರೇ,

ನಮ್ಮ ನಗರದ ಕೇಂದ್ರ ಗ್ರಂಥಾಲಯದಲ್ಲಿದ್ದ ಕೈಕೆಲಸ ಮತ್ತು ಹವ್ಯಾಸದ ಪುಸ್ತಕಗಳನ್ನೆಲ್ಲ ತಾವು ಕಪಾಟಿನಿಂದ ಇಳಿಸಿ, ಆ ಜಾಗಕ್ಕೆ ಟ್ಯಾಬ್ಲೆಟ್‌ಗಳನ್ನು ತಂದಿರಿಸಿದ್ದೀರಿ. ಅದರ ಫಲವಾಗಿ ನನ್ನ ಅಕ್ಕ ಎಡಗಾಲಿನ ಕಿರುಬೆರಳನ್ನು ಕಳೆದುಕೊಂಡಿದ್ದಾಳೆ. ಬೆರಳಿಗೂ ಟ್ಯಾಬ್ಲೆಟ್ಟಿಗೂ ಎಲ್ಲಿಯ ನಂಟು ಎಂದು ತಮ್ಮ ಹುಬ್ಬು ಮೇಲೇರುವ ಮೊದಲು ಇನ್ನೊಂದು ಮಾತು. ಈ ನಿರ್ಧಾರ ತಾವೊಬ್ಬರೇ ಮಾಡಿದ್ದಲ್ಲ. ತಮ್ಮ ಇಲಾಖೆಗೆ ಓದುಗರ ಸಲಹಾ ಸಮಿತಿ ಎಂಬುದೊಂದಿದೆ. ಅದರಲ್ಲಿ ನಾನೂ ಇದ್ದೇನೆ. ಅಂದು ಮೇಲೆದ್ದ ಕೈಗಳಲ್ಲಿ ನನ್ನದು ಎಲ್ಲರಿಗಿಂತ ಮೊದಲಿತ್ತು. ಆದ್ದರಿಂದ ಇದನ್ನು ದೂರು ಎಂದು ಓದುವಿರಾದರೆ, ಆರೋಪಿಗಳ ಸಾಲಿನಲ್ಲಿ ತಮ್ಮ ಪಕ್ಕಕ್ಕೇ ನನಗೂ ಒಂದು ಕುರ್ಚಿ ಹಾಕಿಸಿ.

ಆ ಸಭೆ ತಮಗೆ ನೆನಪಿರಲಾರದು. ಅಂಥವು ತಮಗೆ ದಿನಕ್ಕೊಂದು. ಪುಸ್ತಕಗಳ ಚಿತ್ರ ತೆಗೆದು ಡಿಜಿಟಲ್ ಮಾಡುವ ಗುತ್ತಿಗೆ ಹಿಡಿದಿದ್ದ ಯುವಕ ಪರದೆಯ ಮುಂದೆ ನಿಂತು, "ಒಂದಕ್ಷರವೂ ಕಳೆದುಹೋಗುವುದಿಲ್ಲ" ಎಂದು ಭರವಸೆ ಕೊಟ್ಟ. ಯಾವ ವಿಭಾಗದಿಂದ ಶುರು ಮಾಡೋಣ ಎಂದು ತಾವು ಕೇಳಿದಿರಿ. ಕಾದಂಬರಿ ಮುಟ್ಟಿದರೆ ಜೋಕೆ ಎಂದು ನಿವೃತ್ತ ಮುಖ್ಯೋಪಾಧ್ಯಾಯರು ಮುಖ ಕೆಂಪಗೆ ಮಾಡಿಕೊಂಡರು. ಪರೀಕ್ಷೆಯ ಪುಸ್ತಕ ತೆಗೆದರೆ ವಿದ್ಯಾರ್ಥಿಗಳು ಬಾಗಿಲಲ್ಲಿ ಕೂರುತ್ತಾರೆ ಎಂದರು ಇನ್ನೊಬ್ಬರು. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಜಾಣೆಯಂತೆ ಬಾಯಿ ಬಿಟ್ಟವಳು ನಾನು. "ಕೈಕೆಲಸದ್ದು ಮೊದಲು ಹೋಗ್ಲಿ. ಹೊಲಿಗೆ, ಬಡಗಿ ಕೆಲಸ ಎಲ್ಲ ಈಗ ಜನ ಫೋನಲ್ಲೇ ನೋಡಿ ಕಲೀತಾರಲ್ಲ" ಎಂದೆ. ಸಭೆಗೆ ಸಭೆಯೇ ನಿರಾಳವಾಯಿತು. ತಾವು ನನ್ನತ್ತ ನೋಡಿ ತಲೆದೂಗಿದಿರಿ. ನಾನು ಉಬ್ಬಿಹೋದೆ, ಸುಳ್ಳೇಕೆ ಹೇಳಲಿ? ಯಾರ ವಿರೋಧವೂ ಬಾರದ ವಿಭಾಗವೆಂದರೆ ಯಾರಿಗೂ ಬೇಡದ ವಿಭಾಗ ಎಂದೇ ಅಂದುಕೊಂಡಿದ್ದೆ. ಆ ಪುಸ್ತಕಗಳ ಓದುಗರು ಸಭೆಗೆ ಬರುವವರಲ್ಲ, ಮನೆಯಲ್ಲಿ ಕೂತು ಏನನ್ನಾದರೂ ಮಾಡುತ್ತಿರುವವರು ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು, ಏಕೆಂದರೆ ಅಂಥವರೊಬ್ಬರು ನನ್ನ ಸ್ವಂತ ಭಾವನೇ ಆಗಿದ್ದರು.

ನಮ್ಮ ಭಾವ ವಿಮಾ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಕೈಕೆಲಸದ ವಿಷಯದಲ್ಲಿ ಅವರ ಕೀರ್ತಿ ದೊಡ್ಡದು. ಗೋಡೆಗೆ ಮೊಳೆ ಹೊಡೆಯಲು ಹೋದರೆ ಮೊಳೆಗಿಂತ ಹೆಚ್ಚು ಏಟು ಅವರ ಹೆಬ್ಬೆರಳೇ ತಿನ್ನುತ್ತಿತ್ತು. ಅಂಥವರು ನಿವೃತ್ತಿಯ ನಂತರ ಪಾದರಕ್ಷೆ ಮಾಡಲು ಕಲಿತದ್ದು ಅಕ್ಕನಿಗಾಗಿ. ಅವಳಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶವೇ ಉಳಿದಿಲ್ಲ. ಮನೆಯೊಳಗೂ ಬರಿಗಾಲಲ್ಲಿ ನಡೆಯಕೂಡದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಅಂಗಡಿಯಲ್ಲಿ ಸಿಗುವ ಬೂಟುಗಳು ಹೊರಗೆ ಹೋಗಲು ಸರಿ. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಾಸಿಗೆಗೆ ಅವನ್ನು ಎಳೆದುಕೊಂಡು ಓಡಾಡುವವರು ಯಾರು? ಭಾವ ಕೇಂದ್ರ ಗ್ರಂಥಾಲಯಕ್ಕೆ ಹೋದರು. ಮನೆಯಲ್ಲೇ ಮೆತ್ತನೆಯ ಪಾದರಕ್ಷೆ ಮಾಡುವುದು ಹೇಗೆಂದು ಹೇಳುವ ಅಗಲವಾದ ಪುಸ್ತಕವೊಂದನ್ನು ತಂದರು. ಅದರ ಹಿಂಬದಿಯಲ್ಲಿ ಮಡಚಿದ ದೊಡ್ಡ ಪುಟಗಳಿದ್ದವು. ಒಂದೊಂದು ನಂಬರಿನ ಪಾದಕ್ಕೂ ಮೇಲ್ಭಾಗದ ಚರ್ಮವನ್ನು ಯಾವ ಆಕಾರಕ್ಕೆ ಕತ್ತರಿಸಬೇಕೆಂಬ ಚಿತ್ರ, ಕೆಳಗೆ ಒಂದು ಸಾಲು: ಈ ಚಿತ್ರ ನಿಜವಾದ ಅಳತೆಯಲ್ಲಿದೆ, ನೇರವಾಗಿ ನಕಲು ಮಾಡಿಕೊಳ್ಳಿ.

ಊಟದ ಮೇಜೇ ಅವರ ಕಾರ್ಖಾನೆಯಾಯಿತು. ಪುಸ್ತಕ ಮುಚ್ಚಿಕೊಳ್ಳದಿರಲೆಂದು ಅದರ ಮೇಲೆ ಉಪ್ಪಿನ ಡಬ್ಬಿ, ಪುಟಗಳ ಅಂಚಿಗೆ ಅಂಟಿನ ಬೆರಳಚ್ಚು. ಅಡಿಯ ಅಟ್ಟೆಗೆ ಅಕ್ಕನ ಪಾದದ ಗೆರೆಯನ್ನೇ ತೆಗೆದುಕೊಂಡರು, ಮೇಲ್ಭಾಗಕ್ಕೆ ಪುಸ್ತಕದ ಪುಟದ ಮೇಲೆ ತೆಳು ಕಾಗದವಿಟ್ಟು ಗೆರೆ ಎಳೆದರು. ಮೊದಲ ಜೋಡಿ ನೋಡಲು ಹೇಗಿತ್ತೆಂದು ಕೇಳಬೇಡಿ. ಎರಡು ಬಾತುಕೋಳಿಗಳು ಮನೆ ಹೊಕ್ಕಿವೆ ಎಂದೇ ನಾನು ನಕ್ಕಿದ್ದೆ. ಆದರೆ ಅಕ್ಕನ ಕಾಲಿಗೆ ಹೇಳಿ ಮಾಡಿಸಿದಂತೆ ಕೂತಿತು, ಹೇಳಿ ಮಾಡಿಸಿದ್ದೂ ಹೌದಲ್ಲ. ಅದು ಸವೆದು ಹಿಗ್ಗಿ ಹರಿಯುವ ತನಕ ಅವಳು ಬಿಡಲಿಲ್ಲ. ನಕಲು ತೆಗೆದ ಕಾಗದವನ್ನು ಭಾವ ಎತ್ತಿಡಲಿಲ್ಲ. ಏಕೆ ಎಂದು ಕೇಳಿದ್ದಕ್ಕೆ, "ಪುಸ್ತಕ ಲೈಬ್ರರೀಲಿ ಇದ್ದೇ ಇರತ್ತಲ್ಲ" ಎಂದಿದ್ದರು. ಸಾರ್ವಜನಿಕ ಸಂಸ್ಥೆಯೊಂದನ್ನು ಪ್ರಜೆ ಇಷ್ಟು ನಂಬಬಹುದೇ ಎಂದು ತಮಗೆ ನಗು ಬಂದರೆ ನಾನು ಆಕ್ಷೇಪಿಸುವುದಿಲ್ಲ.

ಇಷ್ಟಕ್ಕೇ ನನ್ನನ್ನು ಕಾಗದದ ವಾಸನೆಗೆ ಮರುಳಾದ ಹಳೇ ಕಾಲದ ಹೆಂಗಸು ಎಂದು ಮೂಲೆಗೆ ತಳ್ಳಬೇಡಿ. ನಮ್ಮ ಮನೆಯ ಸೋರುವ ನಲ್ಲಿ ನಿಂತದ್ದು ಫೋನಿನಲ್ಲಿ ವಿಡಿಯೋ ನೋಡಿಯೇ. ಎರಡು ಸೂಜಿಗಳು ಒಂದೇ ತೂತಿನಲ್ಲಿ ಎದುರುಬದುರಾಗಿ ಹಾಯುವ ಹೊಲಿಗೆ ಭಾವನಿಗೆ ಪುಸ್ತಕದ ಚಿತ್ರದಿಂದ ತಲೆಗೇ ಹೋಗಿರಲಿಲ್ಲ. ಯಾರೋ ಪುಣ್ಯಾತ್ಮ ನಿಧಾನವಾಗಿ ಹೊಲಿದು ತೋರಿಸಿದ ವಿಡಿಯೋ ನೋಡಿದ ಮೇಲೆಯೇ ಕೈಗೆ ಬಂದದ್ದು. ಕಣ್ಣು ಮಂಜಾದವರಿಗೆ ಅಕ್ಷರ ದೊಡ್ಡದಾಗುತ್ತದೆ, ದೂರದವರು ಮನೆಯಲ್ಲೇ ಕೂತು ಪುಸ್ತಕ ತೆರೆಯಬಹುದು. ಇದೆಲ್ಲ ಒಳ್ಳೆಯದೇ. ಕೈ ಹೇಗೆ ಚಲಿಸಬೇಕೆಂದು ಕಲಿಯಲು ಪರದೆ ಬೇಕು, ಕತ್ತರಿ ಎಲ್ಲಿ ಹಾಯಬೇಕೆಂದು ತಿಳಿಯಲು ಕಾಗದ ಬೇಕು. ಎರಡರಲ್ಲಿ ಯಾವುದು ಎಂದು ಆರಿಸಿಕೊಳ್ಳುವ ಹಕ್ಕು ಕಲಿಯುವವನದು. ಆ ಆಯ್ಕೆಯನ್ನು ಅವನ ಪರವಾಗಿ ನಾವು, ಬಿಸ್ಕತ್ತು ತಿನ್ನುತ್ತಾ, ಮುಗಿಸಿಬಿಟ್ಟೆವು.

ಎರಡನೇ ಜೋಡಿ ಮಾಡಲು ಭಾವ ಮತ್ತೆ ಗ್ರಂಥಾಲಯಕ್ಕೆ ಹೋದಾಗ ಆ ಕಪಾಟಿನ ಜಾಗದಲ್ಲಿ ಹಸಿರು ಸೋಫಾ ಇತ್ತು. ಅಲ್ಲಿಯ ಸಿಬ್ಬಂದಿ ಮರ್ಯಾದೆಯಿಂದಲೇ ಅದೇ ಪುಸ್ತಕವನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದು, ಮನೆಗೂ ಕೊಟ್ಟು ಕಳಿಸಿದರು. ಭಾವ ಖುಷಿಯಾಗಿಯೇ ಬಂದರು. ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟು, ತೆಳು ಕಾಗದವನ್ನು ಗಾಜಿನ ಮೇಲೆ ಹರಡಿದರು. ಪೆನ್ಸಿಲ್ ಒತ್ತಿದೊಡನೆ ಕಾಗದ ಗಾಜಿನ ಮೇಲೆ ಜಾರಿ ಪಕ್ಕಕ್ಕೆ ಓಡುತ್ತಿತ್ತು. ನಾನು ಅಂದು ಅಲ್ಲಿಯೇ ಇದ್ದೆ. ಮಾನ್ಯರೇ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಬರೆಯುವಾಗ ನನಗೂ ನಿಧಾನವಾಗುತ್ತಿದೆ.

"ನೀನು ಸ್ವಲ್ಪ ಕಾಗದ ಅಲ್ಲಾಡ್ದ ಹಾಗೆ ಹಿಡ್ಕೋಮ್ಮ. ನೋಡು, ಇಲ್ಲೇ ಬರ್ದಿದೆ, ನಿಜವಾದ ಅಳತೆ ಅಂತ" ಎಂದರು ಭಾವ.

ನಾನು ಹಿಡಿದುಕೊಂಡೆ. ಎರಡೂ ಮೂಲೆಗಳನ್ನು ಭದ್ರವಾಗಿ ಹಿಡಿದುಕೊಂಡೆ. ನಾನು ಯಾರು ಎಂದು ತಮಗೆ ಹೇಳಿಲ್ಲ. ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ನನ್ನ ದುಡಿಮೆಯ ಕಾಲವೆಲ್ಲ ಕಳೆದಿದೆ. ನಕಲು ತೆಗೆದಾಗ ನಕ್ಷೆ ಕುಗ್ಗುತ್ತದೆ, ಹಿಗ್ಗುತ್ತದೆ. ಅದಕ್ಕೇ ನಮ್ಮ ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ಎಚ್ಚರಿಕೆ ಇರುತ್ತದೆ: ಚಿತ್ರವನ್ನು ಅಳೆಯಬೇಡಿ, ಬರೆದ ಅಂಕಿಯನ್ನೇ ನಂಬಿ. ಅದನ್ನು ನಾನೇ ಎಷ್ಟು ಹಾಳೆಗಳ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆ ದೊಡ್ಡ ಪುಟವನ್ನು ಟ್ಯಾಬ್ಲೆಟ್ ತನ್ನ ಗಾಜಿಗೆ ಹಿಡಿಸುವಷ್ಟು ಕುಗ್ಗಿಸಿ ತೋರಿಸುತ್ತಿತ್ತು. ಕೆಳಗಿನ ಸಾಲು ಮಾತ್ರ ನಿಷ್ಠೆಯಿಂದ, ಇದು ನಿಜ ಅಳತೆ ಎನ್ನುತ್ತಲೇ ಇತ್ತು. ನನ್ನ ಕೈಚೀಲದಲ್ಲಿ ಸ್ಕೇಲು ಇತ್ತು. ನಾನದನ್ನು ತೆಗೆಯಲಿಲ್ಲ. ಬಾತುಕೋಳಿ ಈ ಸಲ ಮರಿ ಮಾಡುತ್ತದೆಯೇ ಎಂದು ಭಾವನನ್ನು ರೇಗಿಸುತ್ತಿದ್ದೆ.

ಅಟ್ಟೆ ಅಕ್ಕನ ಪಾದದ್ದು, ಮೇಲ್ಭಾಗ ಗಾಜಿನದ್ದು. ಎರಡೂ ಕೂಡದಿದ್ದಾಗ ಚರ್ಮ ಹೊಸದಲ್ಲವೇ, ಬಿಗಿ ಇರುತ್ತದೆ ಎಂದು ಭಾವ ಎಳೆದೆಳೆದು ಹೊಲಿದರು. ಚಪ್ಪಲಿ ಎಲ್ಲಿ ಕಚ್ಚುತ್ತದೆಂದು ಹಾಕಿಕೊಂಡವರಿಗೇ ಗೊತ್ತು ಎನ್ನುತ್ತಾರೆ. ನಮ್ಮ ಅಕ್ಕನಿಗೆ ಅದೂ ಗೊತ್ತಾಗುವಂತಿರಲಿಲ್ಲ. ಅವಳು ಅದನ್ನು ಹಾಕಿಕೊಂಡು ಮನೆಯೆಲ್ಲ ಓಡಾಡಿದಳು, ಈ ಸಲದ್ದು ಮೊದಲಿಗಿಂತ ಚೆಂದ ಎಂದು ಪಕ್ಕದ ಮನೆಯವರಿಗೆ ತೋರಿಸಿದಳು. ದಿನಾ ಪಾದ ನೋಡಿಕೊಳ್ಳಬೇಕೆಂದು ವೈದ್ಯರು ಹೇಳಿದ್ದರು, ಬಗ್ಗಲು ಸೊಂಟ ಬಿಡುತ್ತಿರಲಿಲ್ಲ. ಕಾಲುಚೀಲಕ್ಕೆ ಹತ್ತಿದ ಕಲೆಯನ್ನು ಬಟ್ಟೆ ಒಗೆಯುವಾಗ ಕಂಡದ್ದು ಭಾವ. ಅಷ್ಟರಲ್ಲಿ ಹುಣ್ಣು ಮೂಳೆ ಮುಟ್ಟಿತ್ತು. ಬೆರಳು ತೆಗೆದರೆ ಪಾದ ಉಳಿಯುತ್ತದೆ ಎಂದರು ವೈದ್ಯರು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಭಾವ ತಮ್ಮ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡುತ್ತಾ ಕೂತಿದ್ದರು. "ಈ ಕೈಗೆ ಮೊದಲಿಂದ್ಲೂ ಏನೂ ಬರ್ತಿರ್ಲಿಲ್ಲ. ಸುಮ್ನೆ ಇರಬೇಕಿತ್ತು ನಾನು" ಎಂದರು.

ಅವರಿಗೆ ನಿಜ ಹೇಳದೆಯೇ ಮಾರನೆಯ ದಿನ ಸ್ಕೇಲು ಹಿಡಿದು ತಮ್ಮ ಗ್ರಂಥಾಲಯಕ್ಕೆ ಹೋದೆ. ಹಿಂದಿನ ಕೋಣೆಯಲ್ಲಿ ಕೈಕೆಲಸದ ಪುಸ್ತಕಗಳು ರದ್ದಿ ಲಾರಿಗಾಗಿ ಕಾಯುತ್ತಾ ಹಗ್ಗ ಬಿಗಿದ ಕಟ್ಟುಗಳಲ್ಲಿ ಬಿದ್ದಿವೆ. ದಯಾವಂತೆಯಾದ ಉದ್ಯೋಗಿಯೊಬ್ಬರು ಕಟ್ಟು ಬಿಚ್ಚಿಕೊಟ್ಟರು. ಅವರು ಯಾರೆಂದು ವಿಚಾರಣೆ ನಡೆಸಬೇಡಿ, ನಾನು ಬಾಯಿ ಬಿಡುವುದಿಲ್ಲ. ಪುಸ್ತಕದ ಪುಟ ಬಿಡಿಸಿ ಅಳೆದೆ, ಪಕ್ಕದಲ್ಲಿ ಟ್ಯಾಬ್ಲೆಟ್ ಇಟ್ಟು ಅಳೆದೆ. ಪಾದದ ಅಗಲಕ್ಕೆ ನನ್ನ ಹೆಬ್ಬೆರಳಿನ ಅಗಲದಷ್ಟು ವ್ಯತ್ಯಾಸ. ಅದನ್ನು ಬರೆದು ತಮ್ಮ ಕಚೇರಿಗೆ ಕೊಟ್ಟೆ. ಬಂದ ಉತ್ತರ ಹೀಗಿದೆ: "ಸದರಿ ಪುಸ್ತಕದ ವಿಷಯವಸ್ತುವಿನಲ್ಲಿ ಯಾವುದೇ ಬದಲಾವಣೆ ಮಾಡಲಾಗಿರುವುದಿಲ್ಲ." ಎಂಥ ಸತ್ಯ! ಒಂದಕ್ಷರವೂ ಬದಲಾಗಿಲ್ಲ, ಅಳತೆ ಎಂಬ ಮಾತು ಕೂಡ ಅಲ್ಲೇ ಇದೆ. ಅಳತೆ ಮಾತ್ರ ಇಲ್ಲ. ಕಾಗದದ ಮೇಲೆ ಸತ್ಯವಾಗಿದ್ದ ಸಾಲನ್ನು ಗಾಜಿನ ಮೇಲೆ ಸುಳ್ಳು ಮಾಡಲು ಅದನ್ನು ತಿದ್ದುವ ಅಗತ್ಯವೇ ಬೀಳಲಿಲ್ಲ ನೋಡಿ. ತಮ್ಮ ಆಪ್ತ ಸಹಾಯಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಕ್ಕರು. ನೆಲ ನಿಜಕ್ಕೂ ಡೊಂಕಿದ್ದಾಗ ಕುಣಿಯುವವಳು ಏನೆನ್ನಬೇಕು ಸ್ವಾಮಿ? ಕೈಗವಸು ಹೊಲಿಯುವವರು, ಮಗುವಿನ ತೊಟ್ಟಿಲಿಗೆ ಮರ ಕೊಯ್ಯುವವರು, ಇವರೆಲ್ಲ ಇವತ್ತೂ ಆ ಗಾಜಿನ ಮೇಲೆ ಕಾಗದ ಹರಡುತ್ತಿದ್ದಾರೆ.

ಅಕ್ಕ ಮನೆಗೆ ಬಂದಳು. ಭಾವ ಕತ್ತರಿ, ದಬ್ಬಳ, ಅಂಟು ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದರು. ಅವಳು ಎದ್ದು ನಿಂತರೆ ಸಾಕು, ತಾವೇ ಓಡಿ ಹೋಗಿ ಬೇಕಾದ್ದು ತಂದುಕೊಡುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು, ದಂಡ ಕಟ್ಟುತ್ತಿರುವವರು ಅವರು. ನಾನು ನೋಡಲು ಹೋದಾಗಲೆಲ್ಲ, "ಇವಳು ಪಾಪ, ಕಾಗದ ಹಿಡ್ಕೊಂಡು ಎಷ್ಟು ಸಹಾಯ ಮಾಡಿದ್ಲು" ಎಂದು ಅಕ್ಕನ ಮುಂದೆ ಹೇಳುತ್ತಿದ್ದರು. ಆ ಮಾತು ಬಂದೊಡನೆ ನಾನು ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದು ಬರುತ್ತಿದ್ದೆ.

ತಮಗೆ ಬರೆದ ಈ ಬಹಿರಂಗ ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲು, ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಸಂಜೆ ಅವರಿಬ್ಬರಿಗೂ ಓದಿ ಹೇಳಿದೆ. ಸಭೆಯಲ್ಲಿ ನಾನಾಡಿದ ಮಾತನ್ನೂ ಬಿಡಲಿಲ್ಲ, ಕೈಚೀಲದಲ್ಲಿದ್ದ ಸ್ಕೇಲನ್ನೂ ಬಿಡಲಿಲ್ಲ. ಅಕ್ಕ ನನ್ನನ್ನು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. "ಅದೆಲ್ಲ ಸರಿ ಕಣೇ. ಈಗ ನಾನು ಮನೇಲಿ ಕಾಲಿಗೆ ಏನು ಹಾಕ್ಕೊಳ್ಲಿ?" ಎಂದಳು. ಆ ಪುಟವನ್ನು ಸರಿಯಾದ ಅಳತೆಗೆ ನಾನೇ ಬರೆದುಕೊಡುತ್ತೇನೆ ಎಂದೆ. ಭಾವ ತಲೆ ಅಲ್ಲಾಡಿಸಿದರು. "ನಕಲು ಬೇಡ. ನಿಂದೂ ಬೇಡ. ಆ ಪುಸ್ತಕ ಬಂದ್ರೆ ಕತ್ತರಿ ಹಿಡೀತೀನಿ" ಎಂದರು. ನನಗೆ ಸಿಗಬೇಕಾದ್ದು ಸಿಕ್ಕಿತು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ರದ್ದಿ ಲಾರಿಯನ್ನು ಬಂದ ದಾರಿಯಲ್ಲೇ ತಿರುಗಿಸಿ, ಕೈಕೆಲಸದ ಪುಸ್ತಕಗಳನ್ನು ಕಪಾಟಿಗೆ ಏರಿಸಿ. ಟ್ಯಾಬ್ಲೆಟ್‌ಗಳೂ ಇರಲಿ, ಸೋಫಾವೂ ಇರಲಿ. ಪುಸ್ತಕಗಳು ಮರಳುವವರೆಗೆ, ನಿಜ ಅಳತೆ ಎಂದು ಬರೆದಿರುವ ಪ್ರತಿ ಡಿಜಿಟಲ್ ಪುಟದ ಮೇಲೆ, ಸ್ಕೇಲು ಇಟ್ಟು ನೋಡದೆ ಕತ್ತರಿಸಬೇಡಿ ಎಂದು ದೊಡ್ಡದಾಗಿ ಬರೆಸಿ. ಮತ್ತು ಆ ಒಂದು ಪುಸ್ತಕವನ್ನು ಕಟ್ಟಿನಿಂದ ತೆಗೆಸಿ, ಈ ವಾರವೇ ನಮ್ಮ ಭಾವನ ಮನೆಗೆ ಕಳಿಸಿ. ಅವರು ನಿನ್ನೆಯೇ ನೆಲದ ಮೇಲೆ ಹಾಳೆ ಹಾಸಿ ಅಕ್ಕನ ಎಡಗಾಲನ್ನು ಎತ್ತಿ ಅದರ ಮೇಲಿಟ್ಟರು, ಸುತ್ತ ಪೆನ್ಸಿಲ್ ಎಳೆದರು. ಹೆಬ್ಬೆರಳು, ಅದರ ಪಕ್ಕದ್ದು, ಅದರ ಪಕ್ಕದ್ದು ಎಂದು ಸುತ್ತಿ ಬಂದ ಪೆನ್ಸಿಲ್ ಕಿರುಬೆರಳಿನ ಜಾಗಕ್ಕೆ ಬಂದಾಗ ನಿಂತಿತು. ಆಮೇಲೆ ನೇರವಾಗಿ ಹಿಮ್ಮಡಿಯ ಕಡೆಗೆ ಇಳಿಯಿತು. ಕಾಗದ ಹಿಡಿದುಕೊಳ್ಳಲು ಈ ಸಲ ಅವರು ನನ್ನನ್ನು ಕರೆಯಲಿಲ್ಲ.

ಇಂತಿ,
ಅಳೆಯುವುದೇ ಕಸುಬಾದರೂ ಅಳೆಯದೆ ಕೈ ಎತ್ತಿದ
ತಮ್ಮ ಸಲಹಾ ಸಮಿತಿಯ ಸದಸ್ಯೆ