ಕುಸುಮಾವತಿಯ ನಗುವನ್ನು ಗೋಡೆಯಿಂದ ಇಳಿಸಿ

ಔರಂಗಾಬಾದಿನ ದಂತ ಕಾಲೇಜೊಂದರ ಪ್ರಾಂಶುಪಾಲರಾದ ಮಾನ್ಯರೇ,

ನಿಮ್ಮ ಹೊರರೋಗಿ ವಿಭಾಗದ ಗೋಡೆಯ ಮೇಲೆ, 'ರಕ್ತವಿಲ್ಲ, ನೋವಿಲ್ಲ, ಲೇಸರ್!' ಎಂಬ ಅಕ್ಷರಗಳ ಕೆಳಗೆ ನಗುತ್ತಿರುವ ಹೆಂಗಸು ನನ್ನ ಹೆಂಡತಿ ಕುಸುಮಾವತಿ. ಆ ನಗುವಿನ ನಡುವಿನ ಹಲ್ಲು ಈಗ ಇಲ್ಲ. ಫೋಟೋ ಮಾತ್ರ ಇದೆ. ಇಳಿಸಿ ಎಂದು ಬಂದು ಕೇಳಿದರೆ, 'ಸಾಹೇಬರ ಆರ್ಡರ್ ಬೇಕು' ಎಂದರು ನಿಮ್ಮವರು. ನೀವು ಆಕೆಯನ್ನು ಲೇಸರ್ ಚಿಕಿತ್ಸೆಗೆ ಒಪ್ಪಿಸಿದ್ದು ಧಾರವಾಡದ ಕನ್ನಡದಲ್ಲಿ. ಜಗಳವೂ ಕನ್ನಡದಲ್ಲೇ, ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರಿಗೇ ಆಗಲಿ.

ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ೨೦೧೨ರ ಆಯುಧಪೂಜೆ. ಹೊಸ ಲೇಸರ್ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ಕುಂಕುಮವಿಟ್ಟು, ಕಾಯಿ ಒಡೆದಿರಿ. ಹಲ್ಲಿನ ಬೇರು ಕೆರೆಯುವ ಕೈಸಲಕರಣೆಗಳು ಡ್ರಾಯರಿನಲ್ಲೇ ಉಳಿದವು. ಆಯುಧಪೂಜೆಯ ದಿನ ಆಯುಧಗಳಿಗೇ ರಜೆ! ಚಿಕಲಠಾಣಾದ ನಮ್ಮ ಹೋಟೆಲಿನಿಂದ ಉಪ್ಪಿಟ್ಟು, ಕಾಫಿ ತಂದಿದ್ದ ಕುಸುಮಾವತಿ, ವಸಡಿನಲ್ಲಿ ರಕ್ತ ಬರುತ್ತದೆ ಎಂದಳು. "ಅಕ್ಕಾರ, ಕೂಡ್ರಿ ಇಲ್ಲೆ. ಮೊದಲ ಮರ್ಯಾದಿ ನಿಮಗ" ಎಂದಿರಿ. ಕೆರೆಯುವುದೆಂದರೆ ನಡುಗುತ್ತಿದ್ದ ಆಕೆಗೆ ಕಪ್ಪು ಕನ್ನಡಕ ತೊಡಿಸಿ, ಬೆಳಕು ತಾಗಿಸಿ, ಶಾಲು ಹೊದಿಸಿ, ಫೋಟೋ ತೆಗೆಸಿದಿರಿ. ರಕ್ತ ನಿಂತಿತು. ನಾವು ದೋಸೆ ಹೊಯ್ಯುವವರು, ಅದನ್ನೇ ವಾಸಿ ಎಂದುಕೊಂಡೆವು. ನಿಮಗೇನಾಗಿತ್ತು?

ಎರಡು ವರ್ಷದಲ್ಲಿ ಹಲ್ಲು ಅಲುಗಾಡತೊಡಗಿತು. ಮಗಳ ಮನೆಗೆಂದು ನಾಸಿಕಕ್ಕೆ ಹೋದಾಗ ಅಲ್ಲಿನ ದಂತವೈದ್ಯೆ ಭಾರ್ಗವಿಗೆ ತೋರಿಸಿದೆವು. ಓಝರ್ ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದ ಕನ್ನಡದ ಹುಡುಗಿ, ಮಾತಿನಲ್ಲಿ ಮರಾಠಿ ಬೆರೆಯುತ್ತದೆ.

"ಕಾಕೂ, ಮೇಲೆ ಏಕದಂ ಸಾಫ್. ಒಳಗೆ ಬೇರಿಗೆ ದಗಡ್ ಅಂಟಿಕೊಂಡಿದೆ. ಕಲ್ಲು. ಯಾರೂ ಕೆರೆದೇ ಇಲ್ಲ."

"ಲೇಸರ್ ಮಾಡಿದ್ದಾರಲ್ಲ ಮಾರಾಯ್ತಿ?" ಎಂದಳು ಕುಸುಮಾವತಿ.

"ನನ್ನ ಹತ್ರಾನೂ ಅದೇ ಮಷೀನ್ ಇದೆ. ಅದು ಕಲ್ಲು ತೆಗೆಯಲ್ಲ ಕಾಕೂ. ಮೊದಲು ಕೆರೆಯೋದು, ಆಮೇಲೆ ಬೇಕಿದ್ರೆ ಲೇಸರ್."

ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಕೆಲವು ಬಗೆಯ ಲೇಸರ್ ಕಲ್ಲನ್ನೂ ತೆಗೆಯುತ್ತವಂತೆ. ನಿಮ್ಮದು ಆ ಬಗೆಯದಲ್ಲ. ಕೆರೆದ ಮೇಲೆ ಬಳಸಿದರೂ ಹೆಚ್ಚಿನ ಲಾಭ ಅಲ್ಪವೆಂದು ನಿಮ್ಮದೇ ಶಾಸ್ತ್ರದ ಪತ್ರಿಕೆಗಳು ಬರೆಯುತ್ತವೆ. ನಿಮಗಿದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಹಾರ ಹಾಕಿದಿರೇ? ಇವೆರಡರಲ್ಲಿ ಗೌರವದ ಉತ್ತರ ಯಾವುದೋ ನೀವೇ ಆರಿಸಿಕೊಳ್ಳಿ.

ಕೆರೆಸುವ ಹೊತ್ತಿಗೆ ತಡವಾಗಿತ್ತು. ಹಲ್ಲು ಹೋದದ್ದನ್ನು ಆಕೆ ಸಹಿಸಿದಳು. ಸಹಿಸಲಾಗದ್ದು ಕಳೆದ ವಾರ ನಡೆಯಿತು. ಶೇಂದ್ರಾದ ಕಾರ್ಖಾನೆಯಿಂದ ಊಟಕ್ಕೆ ಬರುವ ರಾಚಪ್ಪ, "ಅಕ್ಕಾ, ಗ್ವಾಡಿ ಮ್ಯಾಲಿನ ನಿಮ್ಮ ಫೋಟೋ ನೋಡೇ ಧೈರ್ಯ ಬಂತ ನೋಡ್ರಿ. ಕೆರಿಯೋದ ಬ್ಯಾಡಂದೆ, ಲೇಸರ್ ಮಾಡಿಸಿಬಿಟ್ಟೆ" ಎಂದ. ಆಕೆ ಸೌಟು ಕೆಳಗಿಟ್ಟಳು. "ನನ್ನ ಮುಖ ತೋರಿಸಿ ಇನ್ನೊಬ್ಬರ ಹಲ್ಲು ಉದುರಿಸ್ತಾರಲ್ಲ, ಎಂತ ಜನ ಇವ್ರು!"

ಆದ್ದರಿಂದ ಫೋಟೋ ಇಳಿಸಿ. ರಾಚಪ್ಪನಂಥವರನ್ನು ಮರಳಿ ಕರೆದು, ಡ್ರಾಯರು ತೆರೆದು, ಕೈಯಿಂದ ಶುಚಿಮಾಡಿ. ಆ ಫೋಟೋದ ಮೊಳೆ ಕೀಳಲಾಗದಷ್ಟು ಗಟ್ಟಿಯಾಗಿದ್ದರೆ ಪಕ್ಕದಲ್ಲೇ ಇನ್ನೊಂದು ಹೊಡೆಯಿರಿ: ಆಕೆಯ ಹೊಸ ಫೋಟೋ ಕಳಿಸಿದ್ದೇನೆ, ಬಾಯಿ ತುಂಬ ನಕ್ಕಿದ್ದಾಳೆ. ಯಾವುದೂ ಆಗದೆಂದರೆ, ಸೋಮವಾರ ನಮ್ಮ ಹೋಟೆಲಿಗೆ ರಜೆ. ಆ ಫೋಟೋದ ಕೆಳಗಿನ ಬೆಂಚಿನ ಮೇಲೆ ಕುಸುಮಾವತಿ ಕೂರುತ್ತಾಳೆ. ಬಂದವರಿಗೆಲ್ಲ ನಗುತ್ತಾಳೆ.

ಇಂತಿ,
ನಿಮ್ಮ ಜಾಹೀರಾತಿನ ಗಂಡ,
ಮೋಹನದಾಸ